ವಿಂಡೋಸ್ ಬಿಟ್ಟು ಮಿಂಟ್‌ಗೆ ಬಂದೆ, ಅಪ್ಪನ ನುಡಿ ಫೈಲುಗಳ ಸಮೇತ

ನಮ್ಮ ಮನೆಯ ಡೆಸ್ಕ್‌ಟಾಪ್ 2016ರದ್ದು. ಆರನೇ ಜನರೇಶನ್ ಐ3, 8 ಜಿಬಿ ರ‍್ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಆದರೂ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದೆ. ಮುಚ್ಚಳ ಕೂಡ ಬಿಚ್ಚದೆ "ಗುಜರಿಗೆ ಹಾಕಿ ಸಾರ್, ಹೊಸದು ಅಸೆಂಬಲ್ ಮಾಡ್ಕೊಡ್ತೀನಿ" ಅಂದರು. ಚೆನ್ನಾಗೇ ಓಡುವ ಮಿಷಿನ್ನು ಯಾಕೆ ಎಸೆಯಬೇಕು, ಅಲ್ವಾ? ಒಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕು) ಮಾತ್ರ ತಗೊಂಡು ವಾಪಸ್ ಬಂದೆ.

ಹಾಕಿದ್ದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ 22 ಅನ್ನುವ ಆಪರೇಟಿಂಗ್ ಸಿಸ್ಟಂ, ಅದರ ಸಿನಮನ್ ಆವೃತ್ತಿ. ದುಡ್ಡು ಕೊಡಬೇಕಿಲ್ಲ, 2029ರ ತನಕ ಅಪ್‌ಡೇಟ್ ಇದೆ. ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸೌಂಡ್ ಎಲ್ಲ ನೋಡಿಕೊಂಡು ಆಮೇಲೆ ಇನ್‌ಸ್ಟಾಲ್ ಮಾಡಬಹುದು, ಇದು ನನಗೆ ತುಂಬಾ ಹಿಡಿಸಿತು. ಸ್ಟಾರ್ಟ್ ಬಟನ್ ಇದ್ದ ಜಾಗದಲ್ಲೇ ಮೆನು ಇದೆ. ಅಷ್ಟು ಸಾಕು.

ತಲೆನೋವು ಶುರುವಾಗಿದ್ದು ಅಪ್ಪನ ಫೈಲುಗಳಿಂದ. ಸಹಕಾರ ಸಂಘದ ಹದಿನೈದು ವರ್ಷದ ನಡಾವಳಿ ಎಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿದೆ. ಎಂಎಸ್ ಆಫೀಸ್ ಥರದ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ "ಕ" ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀರು ಇರುವ ಎ. ಪುಟ ತುಂಬಾ ಹೀಗೇ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು, ಪಾಪ. ಫೈಲ್ ಕೆಟ್ಟಿರಲಿಲ್ಲ. ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಬರುವ ಮುಂಚಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿದ್ದವು, ಫಾಂಟ್ ಇಲ್ಲದಿದ್ದರೆ ಬಣ್ಣ ಬಯಲು. ಹಳೇ ಡಿಸ್ಕಿನಿಂದ ಆ ಫಾಂಟುಗಳನ್ನು ತಂದು ಹಾಕಿದೆ, ನಡಾವಳಿ ಮತ್ತೆ ಕನ್ನಡವಾಯಿತು. ಬೇಕಾದ್ದನ್ನು ಈಗ ಒಂದೊಂದೇ ಯುನಿಕೋಡ್‌ಗೆ ಬದಲಿಸುತ್ತಿದ್ದೇನೆ.

ಟೈಪಿಂಗ್‌ಗೆ ಐಬಸ್ ಅನ್ನುವ ತಂತ್ರಾಂಶ, ಅದಕ್ಕೆ ಹಲವು ಭಾಷೆಯ ಕೀಲಿಮಣೆ ಕೊಡುವ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಮಾಡಿ ಬಂದು, ಪಟ್ಟಿಯಲ್ಲಿ ಕನ್ನಡ ಕೆಜಿಪಿ ಆರಿಸಿಕೊಂಡರೆ ನುಡಿಯ ಅದೇ ಕೀಲಿಮಣೆ ಸಿಗುತ್ತದೆ. ಒತ್ತಕ್ಷರಕ್ಕೆ ಅದೇ ಎಫ್. ಅಪ್ಪ ಎ, ಪಿ, ಎಫ್, ಪಿ ಒತ್ತಿದರು, "ಅಪ್ಪ" ಬಂತು. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ.

ಎಲ್ಲವೂ ಸಲೀಸಾಗಿದೆ ಅಂತ ಸುಳ್ಳು ಹೇಳಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಜೊತೆ ಎರಡು ಸಂಜೆ ಗುದ್ದಾಡಿ ಸೋತೆ. ಅದಕ್ಕೆ ಅಂತಲೇ ಹಳೇ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ ಉಳಿಸಿಕೊಂಡಿದ್ದೇನೆ, ತಿಂಗಳಿಗೊಮ್ಮೆ ಬೂಟ್ ಮಾಡುತ್ತೇನೆ. ನಿಮ್ಮ ಹೊಟ್ಟೆಪಾಡು ಫೋಟೋಶಾಪ್ ಮೇಲಿದ್ದರೆ ಈ ಕಡೆ ಬರಲೇಬೇಡಿ. ಬ್ರೌಸರ್, ಲೆಟರ್, ಲೆಕ್ಕದ ಶೀಟ್, ಸಿನಿಮಾ ಇಷ್ಟೇ ಆದರೆ ಧಾರಾಳವಾಗಿ ಹಾಕಿ.

ಹಳೇ ಲೇಸರ್ ಪ್ರಿಂಟರ್ ಮಾತ್ರ ಇನ್ನೂ ಮುಷ್ಕರ ಹೂಡಿದೆ. ಸದ್ಯಕ್ಕೆ ಪಿಡಿಎಫ್ ಮಾಡಿ ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡುತ್ತೇನೆ, ಪುಟಕ್ಕೆ 5 ರೂಪಾಯಿ.