ಸುರಕ್ಷತಾ ನಿಯಮಗಳ ಬದಲಾವಣೆ ತಿಳಿಸುವ ಸೇವೆ: ಬಳಸಿ ನೋಡಿದ ಮೇಲೆ

ಕಟ್ಟಡ ಕಾಮಗಾರಿಯ ಸುರಕ್ಷತಾ ನಿಯಮಗಳಿಗೆ ತಿದ್ದುಪಡಿಯಾದಾಗಲೆಲ್ಲ ಇಮೇಲ್ ಮೂಲಕ ತಿಳಿಸುವ ಚಂದಾ ಸೇವೆಯೊಂದನ್ನು ನಾನು 2024ರ ಆರಂಭದಿಂದ ಬಳಸುತ್ತಿದ್ದೇನೆ. ಹಳೆಯ ಕಲಮನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು, ಬದಲಾದ ಪದಗಳಿಗೆ ಮಾತ್ರ ಬಣ್ಣ ಹಚ್ಚಿ ತೋರಿಸುವ ಕ್ರಮವೇ ಇದರ ದೊಡ್ಡ ಗುಣ. ನಲವತ್ತು ಪುಟಗಳ ಅಧಿಸೂಚನೆಯಲ್ಲಿ ‘ಮಾಡಬಹುದು’ ಎಂಬುದು ‘ಮಾಡತಕ್ಕದ್ದು’ ಎಂದಾಗಿದ್ದರೆ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ತಪಾಸಣೆಯಲ್ಲಿ ಸಿಕ್ಕಿಬೀಳುವುದು ಅಂಥ ಪದದಲ್ಲಿಯೇ.

ಹಳೆಯ ದಾಖಲೆಗಳ ವಿಭಾಗವನ್ನು ನನಗೆ ಚೆನ್ನಾಗಿ ಗೊತ್ತಿರುವ ವಿಷಯದಿಂದಲೇ ಪರೀಕ್ಷಿಸಿದೆ. ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 45001 ಪ್ರಕಟವಾದದ್ದು 2018ರ ಮಾರ್ಚ್‌ನಲ್ಲಿ. ಹಿಂದಿನ ಮಾನದಂಡವಾದ ಒಎಚ್‌ಎಸ್‌ಎಎಸ್ 18001ರಿಂದ ಅದಕ್ಕೆ ಬದಲಾಗಲು ಕೊಟ್ಟಿದ್ದ ಮೂರು ವರ್ಷಗಳ ಗಡುವು ಕೋವಿಡ್ ಕಾರಣದಿಂದ 2021ರ ಸೆಪ್ಟೆಂಬರ್‌ವರೆಗೆ ಮುಂದಕ್ಕೆ ಹೋಯಿತು. ಎರಡೂ ಸರಿಯಾಗಿ ದಾಖಲಾಗಿದ್ದವು. ಆದರೆ ಅದೇ ಮಾನದಂಡಕ್ಕೆ 2024ರ ಫೆಬ್ರುವರಿಯಲ್ಲಿ ಬಂದ, ಹವಾಮಾನ ಬದಲಾವಣೆ ತನಗೆ ಸಂಬಂಧಿಸಿದ ವಿಷಯವೇ ಎಂದು ಸಂಸ್ಥೆಯು ನಿರ್ಧರಿಸಿಕೊಳ್ಳಬೇಕೆನ್ನುವ ಪುಟ್ಟ ತಿದ್ದುಪಡಿಯನ್ನು ‘ತುರ್ತು’ ಎಂದು ಕೆಂಪಕ್ಷರದಲ್ಲಿ ಕಳಿಸಿದ್ದರು. (ಸುಡುಬಿಸಿಲಿನಲ್ಲಿ ಕಂಬಿ ಕಟ್ಟುವವರನ್ನು ಕೇಳಿದ್ದರೆ, ಸಂಬಂಧವಿದೆಯೋ ಇಲ್ಲವೋ ಅವರೇ ಹೇಳುತ್ತಿದ್ದರು.) ವಾರಕ್ಕೆ ಮೂರು ‘ತುರ್ತು’ ಬಂದರೆ ನಾಲ್ಕನೆಯದನ್ನು ತೆರೆಯಲು ಕೈ ಬರುವುದಿಲ್ಲ.

ಇದಕ್ಕಿಂತ ಗಂಭೀರವಾದ ತಪ್ಪು ಆಮೇಲೆ ನಡೆಯಿತು. ಸಾರುವೆ ತಪಾಸಣೆಗೆ ಸಂಬಂಧಿಸಿದ ಕರಡು ನಿಯಮವನ್ನು ಜಾರಿಗೆ ಬಂದದ್ದೆಂದೇ ಅವರು ತಿಳಿಸಿದ್ದರಿಂದ, ಪ್ರತಿ ಸಾರುವೆಗೂ ಕಟ್ಟಿದ್ದ ತಪಾಸಣಾ ಚೀಟಿಗಳನ್ನು ಬಿಚ್ಚಿಸಿ, ಅವರೇ ಕೊಟ್ಟ ಹೊಸ ಮಾದರಿಯನ್ನು ಕಟ್ಟಿಸಿದೆ. ಅದರಲ್ಲಿ ಗಾಳಿಮಳೆಯ ನಂತರದ ಮರುತಪಾಸಣೆಗೆ ಕಾಲಂ ಕೂಡ ಇರಲಿಲ್ಲ. ಎರಡೇ ವಾರಗಳಲ್ಲಿ ಮತ್ತೆ ಹಳೆಯವನ್ನು ಹಾಕಿಸಬೇಕಾಯಿತು. ‘ಸಾರ್, ಈ ವಾರದ ರೂಲ್ಸ್ ಯಾವುದು?’ ಎಂದು ಮೇಸ್ತ್ರಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ದೂರು ಕೊಟ್ಟ ಬಳಿಕ ಪ್ರತಿ ಸೂಚನೆಯ ಮೇಲೆ ‘ಕರಡು’ ಅಥವಾ ‘ಅಂತಿಮ’ ಎಂದು ನಮೂದಿಸುತ್ತಿದ್ದಾರೆ. ಅಷ್ಟರ ಮಟ್ಟಿಗೆ ಅವರ ಸ್ಪಂದನೆ ಮೆಚ್ಚುವಂಥದ್ದು.

ಈಗಲೂ ಉಳಿದಿರುವ ಕೊರತೆಯೆಂದರೆ, ಅರ್ಧ ಮುಗಿದಿರುವ ಕಾಮಗಾರಿಗೆ ಹೊಸ ನಿಯಮ ಅನ್ವಯಿಸುತ್ತದೆಯೇ, ಅನ್ವಯಿಸಿದರೆ ಯಾವ ದಿನದಿಂದ ಎಂಬುದನ್ನು ಅವರ ಟಿಪ್ಪಣಿ ಬಿಡಿಸಿ ಹೇಳುವುದಿಲ್ಲ. ನಿಯಮ ಹೊರಬಿದ್ದ ದಿನವೇ ಜಾರಿಯ ದಿನ ಆಗಬೇಕೆಂದೇನೂ ಇಲ್ಲವಾದ್ದರಿಂದ, ಕಾಮಗಾರಿಯ ಸ್ಥಳದಲ್ಲಿರುವವನಿಗೆ ಮೊದಲು ಬೇಕಾದದ್ದು ಇದೇ.

ಇನ್ನೊಂದು ವರ್ಷಕ್ಕೆ ಚಂದಾ ನವೀಕರಿಸಿದ್ದೇನೆ. ಆದರೆ ಮೂಲ ಅಧಿಸೂಚನೆಯನ್ನು ತೆರೆದು ಓದದೆ ಒಂದು ಚೀಟಿಯನ್ನೂ ಬಿಚ್ಚಿಸುತ್ತಿಲ್ಲ.