ಡಲ್ಲಾಸಿನಲ್ಲಿ ಎರಡು ದಿನದ ಓನರ್ ಫೈನಾನ್ಸ್ ತರಗತಿ: ಲೆಕ್ಕದ ಪಾಠ ಬಂಗಾರ, ಕಾನೂನಿನದು ಸಾಲದು

ಅರ್ವಿಂಗ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಬ್ಯಾಂಕ್ ಸಾಲ ತೀರಿದೆ. ಮಾರುವಾಗ ಕೊಳ್ಳುವವರಿಗೆ ನಾವೇ ಸಾಲ ಕೊಟ್ಟು, ತಿಂಗಳು ತಿಂಗಳು ಕಂತು ತೆಗೆದುಕೊಳ್ಳೋಣ ಅಂತ ಯೋಚನೆ. ಅದಕ್ಕೇ ಈ ತರಗತಿಗೆ ಸೇರಿದೆ.

ಊರಿನ ಪ್ರೋನೋಟು, ಅಂದರೆ ಸಾಲಪತ್ರ, ನನಗೆ ಗೊತ್ತು. ಅಪ್ಪ ರೆವೆನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೇ ಸಹಿ ಹಾಕಿಸಿಕೊಳ್ಳುತ್ತಿದ್ದರು. ಟೆಕ್ಸಾಸ್‌ನಲ್ಲಿ ಈ ನೋಟಿನ ಜೊತೆ ಡೀಡ್ ಆಫ್ ಟ್ರಸ್ಟ್, ಅಂದರೆ ಮನೆಯನ್ನು ಸಾಲಕ್ಕೆ ಆಧಾರವಾಗಿಡುವ ಪತ್ರ, ಕೂಡ ಬರೆಸುತ್ತಾರೆ. ಕಂತು ನಿಂತರೆ, ನೋಟಿಸು ಕೊಟ್ಟ ಮೇಲೆ, ತಿಂಗಳ ಮೊದಲ ಮಂಗಳವಾರ ಮನೆ ಹರಾಜಿಗೆ ಬರುತ್ತದೆ. ಸಾಮಾನ್ಯವಾಗಿ ಕೋರ್ಟಿಗೆ ಅಲೆಯಬೇಕಿಲ್ಲ.

ಮೇಷ್ಟ್ರು ಮೊದಲ ದಿನ ಪೂರ್ತಿ ಸಾಲ-ಬಡ್ಡಿ ಲೆಕ್ಕದ ಎಚ್‌ಪಿ ಕ್ಯಾಲ್ಕುಲೇಟರ್ ಹಿಡಿಸಿದರು. 360 ಕಂತು, 8 ಪರ್ಸೆಂಟ್ ಬಡ್ಡಿ, ಒಂದು ಲಕ್ಷ ಡಾಲರ್ ಸಾಲ. ತಿಂಗಳ ಕಂತು ತೋರಿಸುವ ಪಿಎಂಟಿ ಗುಂಡಿ ಒತ್ತಿದರೆ ಮೈನಸ್ 733.76 ಬಂತು. ಮೈನಸ್ ಯಾಕೆ ಅಂತ ಕೇಳಿದೆ. 'ಸಾಲಗಾರನ ಕೈಯಿಂದ ಹೋಗುವ ದುಡ್ಡು ಅದು' ಅಂದರು. ಐದು ವರ್ಷದಲ್ಲಿ ಅವನು ಕಟ್ಟುವುದು ಸುಮಾರು 44,000. ಅಸಲಿನಲ್ಲಿ ಇನ್ನೂ 95,070 ಬಾಕಿ!

ಆಮೇಲೆ ಬಂದದ್ದು ನಿಜವಾದ ಪಾಠ. ನಾಳೆ ನನಗೆ ಒಟ್ಟಿಗೆ ಹಣ ಬೇಕಾಗಿ ಈ ನೋಟನ್ನೇ, ಅಂದರೆ ಮುಂದಿನ ಕಂತುಗಳ ಹಕ್ಕನ್ನೇ, ಮಾರಿದರೆ? ಕೊಳ್ಳುವವನು ತನಗೆ 12 ಪರ್ಸೆಂಟ್ ಗಿಟ್ಟಬೇಕು ಅಂದರೆ ನನಗೆ ಸಿಗುವುದು 71,335 ಡಾಲರ್ ಅಷ್ಟೇ. ಅದೇ 8 ಪರ್ಸೆಂಟ್ ಬಡ್ಡಿಗೆ 15 ವರ್ಷದ ನೋಟು ಬರೆದಿದ್ದರೆ ಕಂತು 955.65 ಆಗುತ್ತದೆ, ನೋಟಿಗೆ 79,600 ಚಿಲ್ಲರೆ ಸಿಗುತ್ತದೆ. ಎಂಟು ಸಾವಿರದ ವ್ಯತ್ಯಾಸ, ಬರೆಯುವ ದಿನವೇ ತೀರ್ಮಾನ ಆಗಿಬಿಡುತ್ತದೆ ಅಲ್ವಾ? ಈ ಒಂದು ಲೆಕ್ಕಕ್ಕೇ ನಾನು ಕಟ್ಟಿದ ಫೀಸು ಸಾರ್ಥಕ.

ಬೇಜಾರಾಗಿದ್ದು ಭಾನುವಾರ. ಮನೆ ಸಾಲ ಕೊಡುವವರಿಗೆ ನಿಯಮ ಹಾಕುವ 2010ರ ಡಾಡ್-ಫ್ರ್ಯಾಂಕ್ ಕಾನೂನಿಗೆ ಕೊನೆಯ ಇಪ್ಪತ್ತು ನಿಮಿಷ ಮಾತ್ರ ಉಳಿಸಿದ್ದರು. ಕೊಳ್ಳುವವರು ತಾವೇ ವಾಸಕ್ಕೆ ಬರುವುದಾದರೆ ಇದು ತುಂಬಾ ಮುಖ್ಯ. ಹನ್ನೆರಡು ತಿಂಗಳಲ್ಲಿ ಒಂದೇ ಮನೆ ಹೀಗೆ ಮಾರುವವರಿಗೆ ಬಲೂನ್ ಇಡಲು, ಅಂದರೆ ಬಾಕಿಯೆಲ್ಲ ಒಂದೇ ಸಲ ಕಟ್ಟಿಸಿಕೊಳ್ಳಲು, ಅವಕಾಶ ಇದೆ. ಅಷ್ಟೇ ಅವಧಿಯಲ್ಲಿ ಮೂರು ಮನೆವರೆಗೆ ಮಾರುವವರಿಗೆ ಇರುವ ವಿನಾಯಿತಿಯಲ್ಲಿ ಆ ಅವಕಾಶ ಇಲ್ಲ. ಇದು ನನಗೆ ಸ್ಪಷ್ಟವಾಗಿದ್ದು ವಕೀಲರ ಹತ್ತಿರ ಹೋದಾಗ. ತರಗತಿಯಲ್ಲಿ ಆ ಹೊತ್ತು ದುಬಾರಿ ಮುಂದಿನ ಕೋರ್ಸಿನ ಪ್ರಚಾರಕ್ಕೆ ಹೋಯಿತು. ಅದು ತಪ್ಪು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕ್ಯಾಲ್ಕುಲೇಟರ್ ಮುಂಚೆಯೇ ತೆಗೆದುಕೊಂಡು, ಗುಂಡಿಗಳನ್ನು ಸ್ವಲ್ಪ ಅಭ್ಯಾಸ ಮಾಡಿಕೊಂಡು ಹೋಗಿ. ನಮ್ಮ ನೋಟು ಈಗ ವಕೀಲರ ಮೇಜಿನ ಮೇಲಿದೆ: 15 ವರ್ಷ, ಬಲೂನ್ ಇಲ್ಲ.