ಸಸ್ಯ ಪ್ರೋಟೀನ್ ಬೇರ್ಪಡಿಸುವ ಕಿಟ್: ಬಳಸಿದ ಬಳಿಕದ ಅಭಿಪ್ರಾಯ

ಎಲೆಯಿಂದ ಪ್ರೋಟೀನ್ ತೆಗೆಯುವಾಗ ಗಟ್ಟಿಯಾದ ಕೋಶಭಿತ್ತಿಗಿಂತ ಹೆಚ್ಚು ಕಾಡುವುದು, ಕೋಶ ಒಡೆದೊಡನೆ ಹೊರಬಂದು ಸಾರವನ್ನು ಕಂದಾಗಿಸಿ ಪ್ರೋಟೀನಿಗೆ ಅಂಟಿಕೊಳ್ಳುವ ಫೀನಾಲಿಕ್ ಸಂಯುಕ್ತಗಳು ಮತ್ತು ಪ್ರೋಟೀನನ್ನೇ ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳು. ಈ ಸ್ಪಿನ್ ಕಾಲಂ (ವೇಗವಾಗಿ ತಿರುಗಿಸಿ ಸಾರವನ್ನು ಸೋಸುವ ಪುಟ್ಟ ಕೊಳವೆ) ಕಿಟ್ ಎಳೆಯ ಎಲೆಗಳ ಮಟ್ಟಿಗೆ ನನಗೆ ಪೂರ್ಣ ತೃಪ್ತಿ ನೀಡಿದೆ. −196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಅರೆದ ಪುಡಿಯನ್ನು, ಅದರ ಹಿಮ ಕರಗುವ ಮೊದಲೇ ಆಮ್ಲೀಯತೆಯನ್ನು ಸ್ಥಿರವಾಗಿಡುವ ತಣ್ಣನೆಯ ಬಫರ್ ದ್ರಾವಣಕ್ಕೆ ಸೇರಿಸಿದರೆ, ಪ್ರೋಟೀನ್‌ಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಪಟ್ಟಿಗಳು ಸ್ಪಷ್ಟವಾಗಿ ಮೂಡುತ್ತವೆ. ಆದರೆ ಬಲಿತ ಎಲೆಗಳ ಸಾರ ಕಂದು ಬಣ್ಣಕ್ಕೆ ತಿರುಗಿದ್ದರಿಂದ, ಫೀನಾಲ್‌ಗಳನ್ನು ಹಿಡಿದಿಡುವ ಪಿವಿಪಿಪಿ ಪುಡಿಯನ್ನು ಬೇರೆಯಾಗಿ ಬೆರೆಸಬೇಕಾಯಿತು; ಅದನ್ನು ತಯಾರಕರೇ ಕಿಟ್‌ನಲ್ಲಿ ಕೊಡಬೇಕಿತ್ತು. ಬಫರ್‌ನಲ್ಲಿರುವ ಎಸ್‌ಡಿಎಸ್ ಎಂಬ ಮಾರ್ಜಕವು, ಬಣ್ಣದ ಬದಲಾವಣೆಯಿಂದ ಪ್ರೋಟೀನ್ ಪ್ರಮಾಣ ತಿಳಿಯುವ ಬ್ರಾಡ್‌ಫೋರ್ಡ್ ಅಳತೆಯನ್ನು ಕೆಡಿಸುತ್ತದೆ, ಕೈಪಿಡಿಯಲ್ಲಿ ಆ ಎಚ್ಚರಿಕೆಯಿಲ್ಲ. ದ್ಯುತಿಸಂಶ್ಲೇಷಣೆಯ ಕಿಣ್ವವಾದ ರುಬಿಸ್ಕೋ ಎಂಬ ಒಂದೇ ಪ್ರೋಟೀನ್, ಎಲೆಯ ಕರಗುವ ಪ್ರೋಟೀನ್‌ನ ಅರ್ಧದಷ್ಟಿದ್ದು ಉಳಿದವನ್ನು ಮರೆಮಾಡಬಹುದಾದ್ದರಿಂದ, ವಿರಳ ಪ್ರೋಟೀನ್‌ಗಳನ್ನು ಅರಸುವವರಿಗೆ ಇದೊಂದೇ ಕಿಟ್ ಸಾಲದು.